ಹಗೇವು, ಕೂಲಿ, ಪಹಣಿ: ಮೋರಟಗಿ ಸೀಮೆಯ ಬರದ ಇತಿಹಾಸ

ವಿಜಯಪುರ (ಹಿಂದಿನ ಬಿಜಾಪುರ) ಜಿಲ್ಲೆಯ ಸಿಂದಗಿ ತಾಲ್ಲೂಕಿನಲ್ಲಿ, ಸಿಂದಗಿಯಿಂದ ಜೇವರ್ಗಿಯ ಕಡೆಗೆ ಹೋಗುವ ದಾರಿಯ ಮೇಲೆ ಮೋರಟಗಿ ಇದೆ. ಉತ್ತರಕ್ಕೆ ಭೀಮಾ ನದಿ, ದಕ್ಷಿಣಕ್ಕೆ ಡೋಣಿ, ಇನ್ನೂ ಕೆಳಗೆ ಕೃಷ್ಣೆ. ಮೂರು ನದಿಗಳ ನಡುವಿನ ಸೀಮೆಯಾದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹೊಲಗಳಿಗೆ ಬಹುಕಾಲ ನೀರೊದಗಿಸಿದ್ದು ಮಳೆಯೊಂದೇ. ಅದೂ ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರಿನ ಮಳೆ. ಎರಿ ಭೂಮಿ ಆ ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳ ಚಳಿಗಾಲದುದ್ದಕ್ಕೂ ಆ ತೇವದ ಮೇಲೆಯೇ ಬೆಳೆದು ಫೆಬ್ರುವರಿಯ ಹೊತ್ತಿಗೆ ಕಟಾವಿಗೆ ಬರುತ್ತದೆ. ಕೈ ಹಿಡಿದ ವರ್ಷ ಡೋಣಿ ದಂಡೆಯ ಜೋಳ ನಾಡಿಗೆಲ್ಲ ಸಾಲುವಷ್ಟು. ಕೈ ಕೊಟ್ಟ ವರ್ಷ ದನದ ಮೇವೂ ಇಲ್ಲ. ಈ ಏರಿಳಿತ ಪ್ರಕೃತಿಯದು. ಆದರೆ ಕೆಟ್ಟ ವರ್ಷದಲ್ಲಿ ಯಾರು ಉಂಡರು, ಯಾರು ಊರು ಬಿಟ್ಟರು, ಯಾರು ಸತ್ತರು ಎಂಬುದನ್ನು ಮಳೆ ತೀರ್ಮಾನಿಸಲಿಲ್ಲ. ಕಂದಾಯದ ದರ, ಕಾಮಗಾರಿಯ ಕೂಲಿ, ಗಡಿಯ ಗೆರೆ ತೀರ್ಮಾನಿಸಿದವು.

ಬ್ರಿಟಿಷರು ಬರುವ ಮುಂಚೆ ಈ ಸೀಮೆಯಲ್ಲಿ ಬರಕ್ಕೆ ಇದ್ದ ಮುಖ್ಯ ರಕ್ಷಣೆ ಹಗೇವು. ನೆಲದೊಳಗೆ ಆಳವಾಗಿ ತೋಡಿ, ಒಳಗೆ ಹುಲ್ಲು ಹೊದಿಸಿ, ಬಾಯಿ ಮುಚ್ಚಿ ಮೇಲೆ ಮಣ್ಣು ಮೆತ್ತಿದ ಈ ಗುಂಡಿಗಳಲ್ಲಿ ಜೋಳ ಎರಡು ಮೂರು ವರ್ಷ ಕೆಡದೆ ಉಳಿಯುತ್ತಿತ್ತು. ಒಂದು ವರ್ಷದ ರಾಶಿ ಮುಂದಿನ ಎರಡು ವರ್ಷದ ಭಯವನ್ನು ತಡೆಯಬಲ್ಲದಾಗಿತ್ತು. ಹಗೇವಿದ್ದದ್ದು ಮಾತ್ರ ಗೌಡ, ಕುಲಕರ್ಣಿ, ದೇಸಾಯಿ, ಸಾವಕಾರರಂಥ ಉಳ್ಳವರ ಮನೆಗಳಲ್ಲಿ. ಉಳಿದವರು ಕಣದಲ್ಲಿ ಸಿಗುವ ಆಯದ ಮೇಲೆ, ಇಲ್ಲವೇ ಕೂಲಿಯ ಕಾಳಿನ ಮೇಲೆ ಬದುಕಿದವರು. ಬಡಿಗ, ಕಂಬಾರ, ಕುಂಬಾರ, ಅಗಸ, ಹಡಪದ, ಮಾದರ, ಹೊಲೆಯ ಮೊದಲಾದ ಆಯಗಾರರಿಗೆ ರಾಶಿಯ ಹೊತ್ತಿನಲ್ಲಿ ಇಂತಿಷ್ಟೆಂದು ಕಾಳು ಸಲ್ಲುತ್ತಿತ್ತು. ಈ ವ್ಯವಸ್ಥೆಯನ್ನು ಹಳೆಯ ಹಳ್ಳಿಯ ಸಾಮರಸ್ಯವೆಂದು ಹೊಗಳುವವರಿದ್ದಾರೆ. ಆಯ ಹಂಚುವ ಕೈ ಯಾವುದು, ಒಡ್ಡುವ ಸೆರಗು ಯಾವುದು ಎಂಬುದನ್ನು ಅಲ್ಲಿ ಹುಟ್ಟೇ ನಿರ್ಧರಿಸಿತ್ತು. ರಾಶಿಯೇ ಇಲ್ಲದ ವರ್ಷ ಆಯವೂ ಇರುತ್ತಿರಲಿಲ್ಲ. 1791–92ರ ಬರವನ್ನು ದಖ್ಖನ್ನಿನ ಜನ ತಲೆಬುರುಡೆಯ ಬರವೆಂದೇ ನೆನಪಿಟ್ಟುಕೊಂಡರು. ಸತ್ತವರನ್ನು ಹೂಳುವವರೂ ಸುಡುವವರೂ ಉಳಿಯದೆ ಬಯಲಲ್ಲಿ ಬುರುಡೆಗಳು ಬಿದ್ದಿದ್ದವು ಎಂಬುದು ಆ ಹೆಸರಿನ ಹಿಂದಿನ ಕಥೆ.

ಆದಿಲಶಾಹಿ 1686ರಲ್ಲಿ ಮುಗಿದ ಮೇಲೆ ಬಿಜಾಪುರ ಸೀಮೆ ಮೊಗಲರಿಂದ ನಿಜಾಮನಿಗೆ, 1760ರಲ್ಲಿ ನಿಜಾಮನಿಂದ ಪೇಶ್ವೆಗೆ ಕೈ ಬದಲಿಸಿತು. ಕೊನೆಯ ಪೇಶ್ವೆ ಎರಡನೆಯ ಬಾಜೀರಾಯನ ಕಾಲಕ್ಕೆ ಕಂದಾಯ ವಸೂಲಿಯ ಹಕ್ಕು ಹೆಚ್ಚು ಹಣ ಕೂಗಿದವನಿಗೆ ಹೋಗುತ್ತಿತ್ತು. ಹಾಗೆ ಹಕ್ಕು ಹಿಡಿದವನಿಗೆ ಮುಂದಿನ ವರ್ಷ ತಾನಿರುತ್ತೇನೆಂಬ ಖಾತ್ರಿ ಇರಲಿಲ್ಲ. ಈ ವರ್ಷವೇ ಹಿಂಡಬೇಕು. 1818ರಲ್ಲಿ ಬ್ರಿಟಿಷರು ಬಂದರು. ಆರೇ ವರ್ಷಕ್ಕೆ, 1824ರಲ್ಲಿ, ಸಿಂದಗಿಯಲ್ಲಿ ದಿವಾಕರ ದೀಕ್ಷಿತ ಮತ್ತು ಸಂಗಡಿಗರು ಬಂಡೆದ್ದರು. ಊರನ್ನು ಹಿಡಿದು ತಮ್ಮದೇ ಠಾಣೆ ಇಟ್ಟರು, ತಾವೇ ಕಂದಾಯ ವಸೂಲಿಗೆ ನಿಂತರು. ದಂಗೆ ಬೇಗ ಅಡಗಿತು. ಕಿತ್ತೂರಿನ ಹೋರಾಟದ ವರ್ಷವೇ ನಡೆದ ಈ ಘಟನೆಗೆ ಇತಿಹಾಸದ ಪುಸ್ತಕಗಳು ಒಂದೆರಡು ಸಾಲಿಗಿಂತ ಹೆಚ್ಚು ಕೊಟ್ಟಿಲ್ಲ. ಬಂಡಾಯಗಾರರು ಮಾಡಿದ ಮೊದಲ ಕೆಲಸಗಳಲ್ಲಿ ಕಂದಾಯ ವಸೂಲಿಯೂ ಒಂದು ಎಂಬುದು ಗಮನಿಸಬೇಕಾದ ಸಂಗತಿ. ಆಳುವುದೆಂದರೆ ಆಗ ಮುಖ್ಯವಾಗಿ ಅದೇ ಆಗಿತ್ತು.

ಕಂಪನಿ ಸರಕಾರದ ನಿಜವಾದ ಬದಲಾವಣೆ ಬಂದದ್ದು ಸರ್ವೆ ಸರಪಳಿಯ ಜೊತೆಗೆ. ಮುಂಬಯಿ ಪ್ರಾಂತದಲ್ಲಿ ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ಎಂಬ ಅಧಿಕಾರಿಗಳು 1836ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಆರಂಭಿಸಿದ ಪದ್ಧತಿ ಮುಂದಿನ ದಶಕಗಳಲ್ಲಿ ಕನ್ನಡ ಸೀಮೆಗೂ ಹರಡಿತು. ಪ್ರತಿ ಹೊಲಕ್ಕೆ ಒಂದು ಸರ್ವೆ ನಂಬರು ಬಂತು, ಮೂಲೆ ಮೂಲೆಗೆ ಗಡಿಕಲ್ಲು ಬಿತ್ತು. ಮಣ್ಣಿನ ಬಣ್ಣ, ಆಳ, ದೋಷಗಳನ್ನು ನೋಡಿ ಹೊಲಗಳನ್ನು ಒಂಬತ್ತು ದರ್ಜೆಗೆ ಹಂಚಿದರು. ಅತ್ಯುತ್ತಮ ಎರಿಗೆ ಹದಿನಾರಾಣೆ, ಅತಿ ಕಳಪೆ ಮಡ್ಡಿಗೆ ಎರಡಾಣೆ. ಆ ಲೆಕ್ಕದ ಮೇಲೆ ಕಂದಾಯ ನಿಗದಿಯಾಗಿ ಮೂವತ್ತು ವರ್ಷ ಬದಲಾಗುತ್ತಿರಲಿಲ್ಲ. ರೈತನ ಹೆಸರಿನಲ್ಲಿ ಭೂಮಿ ದಾಖಲಾಯಿತು. ಅದನ್ನು ಮಾರಬಹುದು, ಒತ್ತೆ ಇಡಬಹುದು, ಮಕ್ಕಳಿಗೆ ಬಿಡಬಹುದು.

ಹಿಂದಿನ ಹರಾಜಿನ ಕಂದಾಯದ ಮುಂದೆ ಇದು ದೊಡ್ಡ ಸುಧಾರಣೆಯೇ. ಅದರ ಒಳಗೇ ಎರಡು ಅಪಾಯಗಳಿದ್ದವು. ಮೊದಲನೆಯದು, ಕಂದಾಯ ಮಣ್ಣಿಗೆ ಕಟ್ಟಿದ್ದು, ಬೆಳೆಗಲ್ಲ. ಮಳೆ ಬರಲಿ ಬಿಡಲಿ ಅದೇ ಕಂತು, ಅದೂ ನಗದಿನಲ್ಲಿ. ಎರಡನೆಯದು, ಒತ್ತೆ ಇಡಬಹುದಾದ ಭೂಮಿಯ ಮೇಲೆ ಸಾಲ ಹುಟ್ಟುತ್ತದೆ. ಕಂತಿನ ದಿನ ಬಂದಾಗ ರೈತ ಸಾವಕಾರನ ಕಟ್ಟೆ ಹತ್ತಿದ. ಸಾವಕಾರ ಕಾಗದ ಬರೆಸಿಕೊಂಡ. ಆ ಕಾಗದವನ್ನು ಜಾರಿಗೆ ತರುವ ಸಿವಿಲ್ ಕೋರ್ಟು ಕೂಡ ಹೊಸದಾಗಿ ಬಂದಿತ್ತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದಾಗ ಧಾರವಾಡ, ಬಿಜಾಪುರ ಸೀಮೆಯ ರೈತರ ಕೈಯಲ್ಲಿ ಒಮ್ಮೆಲೇ ಹಣ ಆಡಿತು. ಸಾಲದ ಮಿತಿಯೂ ಅದರ ಜೊತೆಗೆ ಏರಿತು. ಯುದ್ಧ ಮುಗಿದು ಬೆಲೆ ಬಿದ್ದಾಗ ಸಾಲ ಮಾತ್ರ ಏರಿದಲ್ಲೇ ಉಳಿಯಿತು. ಪೇಟೆಗೆ ಹೋಗುವ ಬೆಳೆ ಹೆಚ್ಚಿದಷ್ಟೂ ಹಗೇವು ತುಂಬುವ ರೂಢಿ ಸಡಿಲವಾಯಿತು. 1875ರಲ್ಲಿ ಪುಣೆ, ಅಹಮದನಗರಗಳ ರೈತರು ಸಾವಕಾರರ ಮನೆಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟರು. ಅದರ ಫಲವಾಗಿ 1879ರಲ್ಲಿ ಬಂದ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಮೊದಲು ಅನ್ವಯಿಸಿದ್ದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರಗಳಿಗೆ ಮಾತ್ರ. 1864ರಲ್ಲಿ ರಚನೆಯಾಗಿದ್ದ ಕಲಾದಗಿ ಜಿಲ್ಲೆ, ಎಂದರೆ ಇಂದಿನ ವಿಜಯಪುರ ಮತ್ತು ಬಾಗಲಕೋಟೆ, ಆ ಪಟ್ಟಿಯಲ್ಲಿರಲಿಲ್ಲ. ಭೀಮೆಯ ಆಚೆ ದಂಡೆಯ ಸಾಲಗಾರನಿಗೆ ಸಿಕ್ಕ ರಕ್ಷಣೆ ಈಚೆ ದಂಡೆಯವನಿಗೆ ಸಿಗಲಿಲ್ಲ. ಈ ಸೀಮೆಯ ಇತಿಹಾಸದಲ್ಲಿ ಇಂಥ ಗೆರೆ ಮತ್ತೆ ಮತ್ತೆ ಬರುತ್ತದೆ.

ಆ ಕಾಯ್ದೆಗಿಂತ ಮೊದಲೇ 1876 ಬಂದಿತ್ತು. ಆ ವರ್ಷದ ಮುಂಗಾರು ಅರ್ಧಕ್ಕೆ ನಿಂತಿತು, ಹಿಂಗಾರು ಹೆಚ್ಚುಕಡಿಮೆ ಬರಲೇ ಇಲ್ಲ. ಹಿಂಗಾರಿ ಸೀಮೆಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ರೈಲು 1860ರಲ್ಲೇ ಸೊಲ್ಲಾಪುರ ಮುಟ್ಟಿತ್ತು. 1871ರ ಹೊತ್ತಿಗೆ ನಿಜಾಮನ ಸೀಮೆಯ ಗುಲಬರ್ಗಾ ಮಾರ್ಗವಾಗಿ ರಾಯಚೂರಿನವರೆಗೆ ಹೋಗಿತ್ತು. ಕಲಾದಗಿ ಜಿಲ್ಲೆಯಲ್ಲಿ ಒಂದು ಅಡಿ ಹಳಿಯೂ ಇರಲಿಲ್ಲ. ಕಾಳು ಎತ್ತಿನ ಗಾಡಿಯಲ್ಲಿ ಬರಬೇಕು, ಗಾಡಿ ಎಳೆಯಬೇಕಾದ ಎತ್ತು ಮೇವಿಲ್ಲದೆ ಸಾಯುತ್ತಿತ್ತು. ಕಾಳಿನ ವ್ಯಾಪಾರದಲ್ಲಿ ಕೈ ಹಾಕುವುದಿಲ್ಲ, ಬೆಲೆ ಏರಿದರೆ ಕಾಳು ತಾನಾಗಿ ಬರುತ್ತದೆ ಎಂಬುದು ಮುಂಬಯಿ ಸರಕಾರದ ನಿಲುವು. ಬೆಲೆ ಏರಿತು. ಕೊಳ್ಳುವವನ ಕೈಯಲ್ಲಿ ದುಡ್ಡಿದ್ದರೆ ಕಾಳೂ ಬರುತ್ತಿತ್ತು. ಹೊಲದ ಕೆಲಸ ನಿಂತು ಕೂಲಿಯೇ ಇಲ್ಲದವನು ಯಾವ ಬೆಲೆಯನ್ನೂ ಕೊಡಲಾರದವನಾಗಿದ್ದ. ಬರದಲ್ಲಿ ಜನ ಸಾಯುವುದು ಕಾಳು ಇಲ್ಲದ್ದಕ್ಕಿಂತ ಹೆಚ್ಚಾಗಿ ಕಾಳನ್ನು ಕೊಳ್ಳುವ ಶಕ್ತಿ ಇಲ್ಲದೆ ಎಂದು ಅಮರ್ತ್ಯ ಸೇನ್ 1981ರಲ್ಲಿ ವಿವರವಾಗಿ ವಾದಿಸಿದರು. ಕಲಾದಗಿಯ ಕೂಲಿಗಳ ಬಾಳಿನಲ್ಲಿ ಅದು ಒಂದು ಶತಮಾನದ ಹಿಂದೆಯೇ ನಡೆದುಹೋಗಿತ್ತು. ಭಾರತದ ಬಂದರುಗಳಿಂದ ಗೋಧಿ ಇಂಗ್ಲೆಂಡಿಗೆ ಸಾಗುವುದು ಆ ವರ್ಷಗಳಲ್ಲೂ ನಿಲ್ಲಲಿಲ್ಲ.

ಸರಕಾರ ತೆರೆದ ದಾರಿ ಕಾಮಗಾರಿ. ರಸ್ತೆ, ಕೆರೆಗಳ ಕೆಲಸ ಮಾಡಿದವರಿಗೆ ಕೂಲಿ. 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ಬರಪೀಡಿತ ಪ್ರದೇಶಗಳ ಮೇಲ್ವಿಚಾರಣೆಗೆ ಸರ್ ರಿಚರ್ಡ್ ಟೆಂಪಲ್‌ನನ್ನು ಕಳಿಸಿದ. ಖರ್ಚು ಉಳಿಸಬೇಕೆಂಬುದು ಅವನಿಗಿದ್ದ ಮುಖ್ಯ ಸೂಚನೆ. ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳಿನ ಬೆಲೆ ಮತ್ತು ಅರ್ಧಾಣೆ ಸಾಕು ಎಂದು ಅವನು ಕೂಲಿ ಇಳಿಸಿದ. ಒಂದು ಪೌಂಡೆಂದರೆ ಸುಮಾರು 450 ಗ್ರಾಂ. ಕಲ್ಲು ಒಡೆಯುವ, ಮಣ್ಣು ಹೊರುವ ದೇಹಕ್ಕೆ ಇದು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಪಟ್ಟು ಹಿಡಿದು ವಾದಿಸಿದ. ಮುಂಬಯಿ ಪ್ರಾಂತದಲ್ಲೂ ಕೂಲಿ ಇಳಿಯಿತು. ಊರ ಪಕ್ಕದ ಸಣ್ಣ ಕೆಲಸಗಳನ್ನು ಬಿಟ್ಟು ದೂರದ ದೊಡ್ಡ ಕಾಮಗಾರಿಗಳಿಗೆ ಹೋಗಬೇಕೆಂಬ ಒತ್ತಾಯವೂ ಬಂತು. ಮನೆಯಿಂದ ದೂರ ಬರಲು ಒಪ್ಪುವವನೇ ನಿಜವಾಗಿ ಹಸಿದವನು ಎಂಬ ತರ್ಕ ಅದರ ಹಿಂದಿತ್ತು. ಸಾವಿರಾರು ಜನ ಕೆಲಸ ಬಿಟ್ಟು ಎದ್ದು ಹೋದರು. ಹಸಿದ ಕೂಲಿಗಳ ಈ ಮುಷ್ಕರಕ್ಕೆ ಪುಣೆಯ ಸಾರ್ವಜನಿಕ ಸಭಾ ದನಿಯಾಯಿತು. ಅದರ ಮುಂದಾಳು ಗಣೇಶ ವಾಸುದೇವ ಜೋಶಿ ಮತ್ತು ಸಂಗಡಿಗರು ಹಳ್ಳಿಹಳ್ಳಿಯ ಸ್ಥಿತಿಯನ್ನು ವರದಿ ಮಾಡಿ ಸರಕಾರಕ್ಕೆ ಕಳಿಸುತ್ತಿದ್ದರು.

ಬರ 1877ರಲ್ಲೂ ಮುಂದುವರಿಯಿತು. ಕಾಲರಾ, ಜ್ವರ ಅದರ ಬೆನ್ನಿಗೆ ಬಂದವು. ಕಡೆಗೂ ಮಳೆಯಾಗಿ ಬೆಳೆ ಎದ್ದಾಗ, 1878–79ರಲ್ಲಿ, ಇಲಿಗಳ ದಂಡು ಹೊಲಕ್ಕಿಳಿಯಿತು. ಸರಕಾರ ಇಲಿ ಕೊಂದವರಿಗೆ ಇನಾಮು ಘೋಷಿಸಬೇಕಾಯಿತು. 1872ರ ಜನಗಣತಿಯಲ್ಲಿ ಎಂಟು ಲಕ್ಷಕ್ಕೂ ಮೇಲಿದ್ದ ಕಲಾದಗಿ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಆರೂವರೆ ಲಕ್ಷಕ್ಕಿಂತ ಕೆಳಗಿತ್ತು. ಸತ್ತವರೂ ಊರು ಬಿಟ್ಟವರೂ ಸೇರಿ ಐವರಲ್ಲಿ ಒಬ್ಬರು ಇಲ್ಲವಾಗಿದ್ದರು. 1896–97 ಮತ್ತು 1899–1900ರ ಬರಗಳೂ ಸೇರಿಕೊಂಡು, 1901ರ ಗಣತಿಯಲ್ಲಿ ಜಿಲ್ಲೆಯ ಸಂಖ್ಯೆ 7,35,435. ಮೂವತ್ತು ವರ್ಷ ಕಳೆದರೂ ಹಳೆಯ ಮಟ್ಟ ಮುಟ್ಟಿರಲಿಲ್ಲ.

1876ರ ಮಹಾಬರದಿಂದ ಸರಕಾರ ಏನೂ ಕಲಿಯಲಿಲ್ಲವೆನ್ನುವುದು ತಪ್ಪಾಗುತ್ತದೆ. ಸ್ಟ್ರಾಚಿ ಅಧ್ಯಕ್ಷತೆಯ ಬರಗಾಲ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಪ್ರಾಂತಗಳಿಗೆ ಬರ ಸಂಹಿತೆಗಳು ಬಂದವು. ಬರದ ಮುನ್ಸೂಚನೆಗಳೇನು, ಕಾಮಗಾರಿ ಯಾವಾಗ ತೆರೆಯಬೇಕು, ಮುದುಕರಿಗೆ, ರೋಗಿಗಳಿಗೆ ಕೆಲಸವಿಲ್ಲದೆಯೂ ಏನು ಕೊಡಬೇಕು ಎಂಬುದೆಲ್ಲ ಬರಹಕ್ಕಿಳಿಯಿತು. ಬರದಿಂದ ರಕ್ಷಿಸುವ ಮಾರ್ಗವೆಂದೇ ಯೋಜಿಸಿದ ಹೋಟಗಿ–ಗದಗ ರೈಲು 1884ರಲ್ಲಿ ಓಡಿತು. ಮರುವರ್ಷ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ಇಂಡಿ, ಬಾಗೇವಾಡಿ ಸೀಮೆಗಳಿಗೆ ತಲಾ ಒಂದು ‘ರೋಡ್’ ಸ್ಟೇಷನ್ ಸಿಕ್ಕಿತು. ಸಿಂದಗಿಗೆ ಅದೂ ಸಿಗಲಿಲ್ಲ. ಹಳಿಗಳು ಬರದ ವರ್ಷ ಕಾಳು ತಂದವು, ಒಳ್ಳೆಯ ವರ್ಷ ಹತ್ತಿ ಮತ್ತು ಕಾಳನ್ನು ಹೊರಗೆ ಒಯ್ದವು. ಹಗೇವಿನ ಕಾಲ ಮುಗಿಯುತ್ತ ಬಂತು.

ಕಂದಾಯದ ಬಿಗಿಯೂ ತುಸು ಸಡಿಲವಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದ, ಬೆಳೆಯನ್ನು ಆಣೆಗಳಲ್ಲಿ ಅಳೆಯುವ ಆಣೆವಾರಿ ನಿಯಮದಂತೆ, ಬೆಳೆ ನಾಲ್ಕಾಣೆ ಅಥವಾ ಅದಕ್ಕಿಂತ ಕಡಿಮೆಯಾದರೆ ಆ ವರ್ಷದ ಕಂದಾಯ ಪೂರ್ತಿ ಮುಂದಕ್ಕೆ ಹೋಗುತ್ತಿತ್ತು. ನಾಲ್ಕರಿಂದ ಆರಾಣೆಯ ನಡುವೆ ಇದ್ದರೆ ಅರ್ಧ. ಬೆಳೆ ಎಷ್ಟಾಣೆ ಎಂದು ಹೇಳುವವರು ಮಾತ್ರ ಕಂದಾಯ ಇಲಾಖೆಯ ನೌಕರರೇ. ವಸೂಲಿ ಮಾಡುವವನೇ ಅಂದಾಜು ಮಾಡುವವನಾದರೆ ಅಂದಾಜು ಯಾವ ಕಡೆ ವಾಲುತ್ತದೆಂದು ಹೇಳಬೇಕಿಲ್ಲ. 1918ರಲ್ಲಿ ಗುಜರಾತಿನ ಖೇಡಾದಲ್ಲಿ ಗಾಂಧೀಜಿ ನಡೆಸಿದ ಸತ್ಯಾಗ್ರಹದ ತಿರುಳೇ ಈ ನಾಲ್ಕಾಣೆಯ ಜಗಳ.

ಸಾಲದ ವಿಷಯದಲ್ಲಿ ಉತ್ತರ ಬಂದದ್ದು ಸ್ಥಳೀಯರಿಂದ. 1904ರ ಸಹಕಾರ ಸಂಘಗಳ ಕಾಯ್ದೆಯಡಿ ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಸ್ಥಾಪಿಸಿದ ಸಂಘ ಸಹಕಾರ ಚಳವಳಿಗೆ ಮೊದಲ ಹೆಜ್ಜೆಯಾಯಿತು. ಬಿಜಾಪುರದಲ್ಲಿ ವಚನಗಳ ಸಂಪಾದಕರೆಂದು ಹೆಸರಾದ ಫ.ಗು. ಹಳಕಟ್ಟಿಯವರು 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿಗೆ ನೆಲೆ ಹಾಕಿದರು. ಓಲೆಗರಿ ಹುಡುಕುತ್ತಿದ್ದ ವಕೀಲರಿಗೆ ಬಡ್ಡಿಯ ಲೆಕ್ಕವೂ ಗೊತ್ತಿತ್ತು. ಆದರೆ ಜಾಮೀನು ಕೊಡಲಾಗದ, ಹೊಲವಿಲ್ಲದ ಕೂಲಿ ಸಾವಕಾರನ ಬಳಿಯಲ್ಲೇ ಉಳಿದ. 1930ರ ದಶಕದಲ್ಲಿ ಬಿಜಾಪುರದಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರ ಶುರುವಾಯಿತು. 1942–43ರ ಬರದಲ್ಲಿ ಪರಿಹಾರ ಕಾಮಗಾರಿಯಾಗಿ ಹೊಲಗಳಿಗೆ ಒಡ್ಡು ಹಾಕುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಕಲ್ಲು ಒಡೆದು ರಾಶಿ ಹಾಕಿದ 1877ಕ್ಕೆ ಹೋಲಿಸಿದರೆ ಇದು ಮುಂದಿನ ಮಳೆಯ ನೀರನ್ನು ಹೊಲದಲ್ಲೇ ಹಿಡಿಯುವ ಕೆಲಸ. ಕೂಲಿ ಬಡವನಿಗೆ ಒಂದು ವರ್ಷ ಸಿಕ್ಕಿತು, ಒಡ್ಡಿನ ಫಲ ಹೊಲದ ಒಡೆಯನಿಗೆ ಹಲವು ವರ್ಷ.

1956ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ಭಾಷೆಯ ಲೆಕ್ಕದಲ್ಲಿ ಬಹುದಿನದ ಬಯಕೆ ಈಡೇರಿತು. ಗೇಣಿದಾರರ ಲೆಕ್ಕ ಬೇರೆ. 1948ರ ಮುಂಬಯಿ ಗೇಣಿ ಕಾಯ್ದೆಗೆ 1956ರಲ್ಲಿ ತಂದ ತಿದ್ದುಪಡಿಯಂತೆ ಮುಂಬಯಿ ರಾಜ್ಯದಲ್ಲಿ 1957ರ ಏಪ್ರಿಲ್ 1 ‘ಉಳುವವನ ದಿನ’ವಾಯಿತು, ಅಂದಿನಿಂದ ಗೇಣಿದಾರ ಭೂಮಿಯನ್ನು ಕೊಂಡವನೆಂದೇ ಎಣಿಸಲಾಯಿತು. ಬಿಜಾಪುರ ಅಷ್ಟರಲ್ಲಿ ಆಚೆ ಬಂದಾಗಿತ್ತು. ಮೈಸೂರಿನ ಭೂಸುಧಾರಣಾ ಕಾಯ್ದೆ 1961ರಲ್ಲಿ ಅಂಗೀಕಾರವಾಗಿ ಜಾರಿಗೆ ಬಂದದ್ದು 1965ರಲ್ಲಿ. ಅದಕ್ಕೆ ಹಲ್ಲು ಮೂಡಿದ್ದು ದೇವರಾಜ ಅರಸರ ಸರಕಾರದ ತಿದ್ದುಪಡಿಯಿಂದ, 1974ರ ಮಾರ್ಚ್ 1ರಂದು. ಏಳನೆಯ ನಮೂನೆಯ ಅರ್ಜಿ ಹಿಡಿದು ಗೇಣಿದಾರರು ಭೂನ್ಯಾಯಮಂಡಳಿಗಳ ಮುಂದೆ ನಿಂತರು. ಕರಾವಳಿಯಲ್ಲಿ ಇದು ಸಮಾಜವನ್ನೇ ಮಗುಚಿತು. ಸಿಂದಗಿ ಸೀಮೆಯಲ್ಲಿ ಆದ ಬದಲಾವಣೆ ಅಷ್ಟು ದೊಡ್ಡದಲ್ಲ. ಒಣಭೂಮಿಗೆ ಗರಿಷ್ಠ ಮಿತಿ 54 ಎಕರೆ. ಮನೆಯವರ ಹೆಸರಲ್ಲಿ ಹಂಚಿದರೆ ಮಿತಿ ಮೀರುವ ಹೊಲವೇ ಉಳಿಯುತ್ತಿರಲಿಲ್ಲ. ಲಾವಣಿ ಎನ್ನುವ ಗೇಣಿ, ಪಾಲು ಎಲ್ಲವೂ ಬಾಯಿಮಾತಿನಲ್ಲಿ ನಡೆಯುವ ಕಡೆ ಗೇಣಿದಾರನೆಂದು ತೋರಿಸಲು ಕಾಗದವೂ ಇರಲಿಲ್ಲ.

ಗಡಿ ದಾಟಿದ್ದರ ಇನ್ನೊಂದು ಪರಿಣಾಮ 1972ರ ಬರದಲ್ಲಿ ಕಾಣಿಸಿತು. ಆ ವರ್ಷ ಭೀಮೆಯ ಎರಡೂ ದಂಡೆ ಒಣಗಿದವು, ಎರಡೂ ಕಡೆ ಬರಗಾಲದ ಕಾಮಗಾರಿಗಳು ನಡೆದವು. ಬರ ಮುಗಿದ ಮೇಲೆ ಮಹಾರಾಷ್ಟ್ರ ಆ ಕಾಮಗಾರಿಯನ್ನು ಶಾಶ್ವತ ಹಕ್ಕಾಗಿ ಮಾಡಿತು. 1977ರ ಉದ್ಯೋಗ ಖಾತರಿ ಕಾಯ್ದೆಯಡಿ ಸೊಲ್ಲಾಪುರದ ಕೂಲಿ ಕೆಲಸ ಕೇಳಬಹುದಿತ್ತು, ಸರಕಾರ ಕೊಡಲೇಬೇಕಿತ್ತು. ಹೊಳೆಯ ಈಚೆಯವನಿಗೆ ಅಂಥ ಹಕ್ಕು ಇರಲಿಲ್ಲ. ರಾಷ್ಟ್ರೀಯ ಉದ್ಯೋಗ ಖಾತರಿ ಕಾಯ್ದೆ 2005ರಲ್ಲಿ ಬಂದಾಗಲೂ 2006ರ ಮೊದಲ ಹಂತದಲ್ಲಿ ಗುಲಬರ್ಗಾ ಜಿಲ್ಲೆ ಸೇರಿತು, ಬಿಜಾಪುರ ಸೇರಿದ್ದು 2008ರ ಕೊನೆಯ ಹಂತದಲ್ಲಿ. ಮೋರಟಗಿಯ ಪೂರ್ವದ ಜೇವರ್ಗಿ ತಾಲ್ಲೂಕಿನ ಕೂಲಿಗೆ ಎರಡು ವರ್ಷ ಮೊದಲೇ ಸಿಕ್ಕ ಹಕ್ಕಿಗೆ ಅದೇ ಮಣ್ಣಿನ ಈಚೆಯ ಕೂಲಿ ಕಾಯಬೇಕಾಯಿತು.

ನೀರಿನ ಕಥೆ ಇನ್ನೂ ನಿಧಾನ. ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ಮೊದಲು ಮುಗಿದದ್ದು ಕೆಳಗಿನ ನಾರಾಯಣಪುರದ ಅಣೆಕಟ್ಟು, 1980ರ ದಶಕದಲ್ಲಿ; ಆಲಮಟ್ಟಿಯ ಎತ್ತರದ ವಾದ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು 2000ದಲ್ಲಿ. ನಾರಾಯಣಪುರ ಎಡದಂಡೆ ಕಾಲುವೆಯಿಂದ ಕವಲೊಡೆದ ಇಂಡಿ ಶಾಖಾ ಕಾಲುವೆ ಸಿಂದಗಿ, ಇಂಡಿ ಸೀಮೆಗೆ ನೀರು ತಂದಿತು. ಅಣೆಕಟ್ಟುಗಳ ಹಿನ್ನೀರಿನಲ್ಲಿ ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ದಂಡೆಯ ಹೊಲಗಳು ಮುಳುಗಿದವು. ನೀರು ಹರಿದದ್ದು ಬೇರೆಯವರ ಹೊಲಕ್ಕೆ. ಕಾಲುವೆಯ ಮೇಲ್ಭಾಗದಲ್ಲಿರುವವರು ಕಬ್ಬು, ಹತ್ತಿಗೆ ತಿರುಗಿಸಿಕೊಂಡ ಮೇಲೆ ಕೊನೆಯ ಭಾಗಕ್ಕೆ ನೀರು ತಲುಪುವುದು ಪ್ರತಿ ವರ್ಷದ ಜಗಳ. ಎರಡು ಶತಮಾನದ ಹಿಂದೆ ಎರಿ–ಮಡ್ಡಿಗಳ ನಡುವೆ ಇದ್ದ ಅಂತರಕ್ಕೆ ಈಗ ಕಾಲುವೆಯ ತಲೆ–ಬಾಲಗಳ ಅಂತರ ಸೇರಿಕೊಂಡಿದೆ.

ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕರ್ನಾಟಕದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ಹೇಳಿ ಮೂರು ಪಟ್ಟಿ ಮಾಡಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಹಿಂದುಳಿದವುಗಳಲ್ಲಿದ್ದವು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನು ಸಮಿತಿ ಸೂಚಿಸಿತು. ಸಮಿತಿಯ ಅಳತೆ ತಾಲ್ಲೂಕಿನದ್ದು. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದಾಗ ಅಳತೆ ಮತ್ತೆ ಹಳೆಯ ಗಡಿಗೆ ಹೋಯಿತು. ನಿಜಾಮನ ಆಳ್ವಿಕೆಯಲ್ಲಿದ್ದ ಜಿಲ್ಲೆಗಳಿಗೆ ಮತ್ತು ಬಳ್ಳಾರಿಗೆ ಶಿಕ್ಷಣ, ನೌಕರಿಗಳಲ್ಲಿ ವಿಶೇಷ ಮೀಸಲು ಸಿಕ್ಕಿತು. ಜೇವರ್ಗಿ ಒಳಗೆ, ಸಿಂದಗಿ ಹೊರಗೆ. ಹೈದರಾಬಾದ್ ಕರ್ನಾಟಕ ಅನುಭವಿಸಿದ ಹಿನ್ನಡೆ ನಿಜ. ಅದರ ಪರಿಹಾರವೂ ನ್ಯಾಯವೇ. ಆದರೆ ಮಳೆ, ಮಣ್ಣು, ಕೂಲಿ ಯಾವುದರಲ್ಲೂ ವ್ಯತ್ಯಾಸವಿಲ್ಲದ ಪಕ್ಕದೂರಿನ ಹುಡುಗನಿಗೆ ಅಜ್ಜನ ಕಾಲದ ಸರಕಾರ ಯಾವುದಾಗಿತ್ತೆಂಬುದೇ ಅಡ್ಡಿಯಾಯಿತು.

ಈ ನಡುವೆ ಜನ ತಮ್ಮದೇ ದಾರಿ ಹುಡುಕಿಕೊಂಡಿದ್ದರು. ಹಿಂದೆ ಬರದ ವರ್ಷದ ಕೊನೆಯ ಉಪಾಯವಾಗಿದ್ದ ಗುಳೆ ಈಗ ಹಲವು ಮನೆಗಳಿಗೆ ವರ್ಷದ ವಾಡಿಕೆ. ರಾಶಿ ಮುಗಿದ ಮೇಲೆ ಗೋವಾ, ಪುಣೆ, ಮುಂಬಯಿ, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ, ಕಬ್ಬಿನ ಕಟಾವಿಗೆ ಕುಟುಂಬ ಸಮೇತ ಹೋಗುತ್ತಾರೆ. ಅಲ್ಲಿಯ ಕೂಲಿ ಇಲ್ಲಿಗಿಂತ ಹೆಚ್ಚು, ಕೆಲಸವೂ ನಿತ್ಯ. ಅದಕ್ಕೆ ತೆರುವ ಬೆಲೆ ಮಕ್ಕಳ ಶಾಲೆ. 2013ರ ಜುಲೈಯಲ್ಲಿ ಶುರುವಾದ ಅನ್ನಭಾಗ್ಯ ಬಡ ಕುಟುಂಬಕ್ಕೆ ಕಿಲೋಗೆ ಒಂದು ರೂಪಾಯಿಯಂತೆ ತಿಂಗಳಿಗೆ 30 ಕಿಲೋವರೆಗೆ ಅಕ್ಕಿ ಕೊಟ್ಟಿತು. ಹಸಿವಿನ ಭಯವನ್ನು ಇದು ಹಿಂದಿನ ಯಾವ ಕ್ರಮಕ್ಕಿಂತಲೂ ಹೆಚ್ಚು ತಗ್ಗಿಸಿತು. ಜೋಳದ ರೊಟ್ಟಿ ಉಣ್ಣುವ ಸೀಮೆಗೆ ಅಕ್ಕಿ ಬಂದದ್ದರ ಬಗೆಗಿನ ಗೊಣಗಾಟವೂ ಸುಳ್ಳಲ್ಲ. ಇತ್ತ ಬಿಳಿಜೋಳದ ಹೊಲಗಳು ತೊಗರಿ, ಹತ್ತಿಗೆ ತಿರುಗಿವೆ. ಇಂಡಿಯಲ್ಲಿ ನೀರಿದ್ದವರು ಲಿಂಬೆ ಬೆಳೆಯುತ್ತಾರೆ.

2023ರ ಮುಂಗಾರು ಕೈಕೊಟ್ಟಾಗ ರಾಜ್ಯ ಸರಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಆಣೆವಾರಿಯ ಜಾಗದಲ್ಲಿ ಈಗ ಕೇಂದ್ರದ 2016ರ ಬರ ಕೈಪಿಡಿ ಇದೆ. ಮಳೆಯ ಕೊರತೆ, ಉಪಗ್ರಹ ಕಂಡ ಹಸಿರು, ಮಣ್ಣಿನ ತೇವ ಲೆಕ್ಕಕ್ಕೆ ಬರುತ್ತವೆ; ಕೊನೆಗೆ ಶೇ. 10 ಹಳ್ಳಿಗಳಲ್ಲಿ ಹೊಲಕ್ಕೇ ಹೋಗಿ ಪರಿಶೀಲನೆ ನಡೆಯುತ್ತದೆ. ರಾಜ್ಯ 18,000 ಕೋಟಿಗೂ ಹೆಚ್ಚು ಕೇಳಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಕೇಂದ್ರ ಬಿಡುಗಡೆ ಮಾಡಿದ್ದು ಸುಮಾರು 3,454 ಕೋಟಿ. ಮಳೆಯಾಶ್ರಿತ ಬೆಳೆಗೆ ಸಿಕ್ಕದ್ದು ಹೆಕ್ಟೇರಿಗೆ 8,500 ರೂಪಾಯಿ, ಹೆಚ್ಚೆಂದರೆ ಎರಡು ಹೆಕ್ಟೇರಿಗೆ. ಹಣ ಜಮೆಯಾಗುವುದು ಭೂದಾಖಲೆಯಾದ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಲಾವಣಿ ಹಿಡಿದು ಬೀಜ, ಗೊಬ್ಬರಕ್ಕೆ ಸಾಲ ಮಾಡಿದವನ ಹೆಸರು ಅಲ್ಲಿಲ್ಲ. ಅವನ ಹೊಲದಲ್ಲಿ ಕಳೆ ತೆಗೆಯುವ ಕೂಲಿಯದಂತೂ ಎಂದೂ ಇರಲಿಲ್ಲ.